ನಿಮಗಿದು ಗೊತ್ತೆ? ಮುಂದಕ್ಕೆ ಒಂದೇ ಗೇರ್, ಹಿಂದಕ್ಕೆ ನಾಲ್ಕು!

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗೂ ಹಿಂದೆ. ಸ್ವಂತ ವಿನ್ಯಾಸದ ಕಾರು ಕಟ್ಟುವ ಹವ್ಯಾಸಿಗಳು ಅದನ್ನು ಚಕ್ರಗಳ ಮುಂದಕ್ಕೆ ತರಲು ಗೇರ್‌ಬಾಕ್ಸ್ ಸಮೇತ ತಿರುಗಿಸಿ ಕೂರಿಸಿದರೆ ಫಜೀತಿಯೋ ಫಜೀತಿ: ಚಕ್ರಗಳು ಉಲ್ಟಾ ತಿರುಗಿ ಹಿಮ್ಮುಖಕ್ಕೆ ನಾಲ್ಕು ಗೇರ್, ಮುಮ್ಮುಖಕ್ಕೆ ಒಂದೇ! ಮದ್ದು ಗೇರ್‌ಬಾಕ್ಸಿನ ಹೊರಕವಚದ, ಅಂದರೆ ಹೌಸಿಂಗಿನ, ಒಳಗೇ ಇದೆ. ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರದ ಒಂದು ಬದಿಯಲ್ಲಿದ್ದು, ಅದರಿಂದ ತಿರುಗುವ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲನ್ನು ಇನ್ನೊಂದು ಬದಿಗೆ ಜೋಡಿಸಿದರೆ ಚಕ್ರಗಳು ಸರಿಯಾದ ದಿಕ್ಕಿಗೆ ತಿರುಗುತ್ತವೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಅಲ್ಲಿ ಜಾಗವೇ ಇರದು; ಹೌಸಿಂಗಿನ ಒಳಗೋಡೆಯನ್ನೇ ಕೊರೆಯಬೇಕು. ಇದು ಬರೀ ಗ್ಯಾರೇಜ್ ಜುಗಾಡ್ ಅಲ್ಲ. ಬ್ರಿಟನ್ನಿನ ಲೋಟಸ್ ಕಂಪನಿ 1966ರ ಯುರೋಪಾ ಕಾರಿಗೆ ರೆನೋ 16ರ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ತಿರುಗಿಸಿ ಅಳವಡಿಸಿದಾಗಲೂ ಕ್ರೌನ್ ವೀಲ್ ಬದಿ ಬದಲಿಸಿತ್ತು.