ಯಾರನ್ನೂ ಕೇಳದೆ ಹುಟ್ಟುವ ಗುರುತು

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಎಂಎಚ್ ನಂಬರಿನ ಎಸ್‌.ಟಿ. ಬಸ್ಸುಗಳ ನಡುವೆ ಕೆಎ 22 ಎಫ್, ಕೆಎ 25 ಎಫ್ ಎಂದು ಶುರುವಾಗುವ ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸುಗಳೂ ನಿಂತಿರುತ್ತವೆ. ಈ ನಂಬರು ಕೊಡುವಾಗ ಬೆಳಗಾವಿಯ ಆರ್‌ಟಿಒ ಪುಣೆಯನ್ನು ಕೇಳಬೇಕಿಲ್ಲ. ರಾಜ್ಯಕ್ಕೆ ಅಕ್ಷರ, ಕಚೇರಿಗೆ ಅಂಕಿ ಮೊದಲೇ ಹಂಚಿಯಾಗಿದೆ. ಹಾಗಾಗಿ ಒಂದೇ ನಂಬರು ಎರಡು ಬಸ್ಸಿಗೆ ಬೀಳದು.

ಕಂಪ್ಯೂಟರುಗಳಿಗೂ ಇದೇ ಬೇಕಿತ್ತು. 1980ರ ದಶಕದಲ್ಲಿ ಅಪೊಲೊ ಕಂಪ್ಯೂಟರ್ ಕಂಪನಿಯಲ್ಲಿ ಮೊಳೆತ ಉಪಾಯವೇ ಇಂದಿನ 128 ಬಿಟ್‌ಗಳ ಯುಯುಐಡಿ ಎಂಬ ಗುರುತು. ಅದರ 1ನೇ ಆವೃತ್ತಿ ನೆಟ್‌ವರ್ಕ್ ಕಾರ್ಡಿನ 48 ಬಿಟ್ ಸಂಖ್ಯೆಗೆ ಹೊತ್ತನ್ನು ಸೇರಿಸುತ್ತದೆ. ಹೊತ್ತಿನ ಎಣಿಕೆ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದ 1582ರ ಅಕ್ಟೋಬರ್ 15ರಿಂದ! ಆದರೆ ಆ ಗುರುತಿನ ಜಾಡು ಹಿಡಿದು ಯಂತ್ರವನ್ನೇ ಪತ್ತೆ ಮಾಡಬಹುದು. ವರ್ಡ್ ಕಡತಗಳೊಳಗೆ ಅಂಥ ಸಂಖ್ಯೆ ಅಡಗಿರುವುದು 1999ರಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಎದ್ದಿತು.

4ನೇ ಆವೃತ್ತಿ ಕಾರ್ಡಿನ ಸಂಖ್ಯೆ, ಹೊತ್ತು ಎರಡನ್ನೂ ಕೈಬಿಟ್ಟಿತು. ಅದರಲ್ಲಿ 122 ಬಿಟ್‌ಗಳು ಬರೀ ಯಾದೃಚ್ಛಿಕ. ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ಹುಟ್ಟಿಸುತ್ತ ಹೋದರೆ, ಒಂದಾದರೂ ಜೋಡಿ ಒಂದೇ ಆಗುವ ಸಾಧ್ಯತೆ ಅರ್ಧಕ್ಕೆ ಮುಟ್ಟುತ್ತದೆ. ನನ್ನನ್ನು ಬೆರಗುಗೊಳಿಸುವುದು ಈ ಲೆಕ್ಕವೇ: ಯಾರೂ ಯಾರೊಂದಿಗೂ ಮಾತಾಡಿಕೊಂಡಿಲ್ಲ, ಆದರೂ ಘರ್ಷಣೆಯಿಲ್ಲ.

ಇದೆಲ್ಲ ನಿಲ್ಲುವುದು ಯಾದೃಚ್ಛಿಕತೆ ನಿಜವಾಗಿದ್ದರೆ ಮಾತ್ರ. ಡೆಬಿಯನ್ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಗೆ ಮಾಡಿದ ಒಂದು ತಿದ್ದುಪಡಿ ಆ ಮೂಲವನ್ನೇ ಬತ್ತಿಸಿತ್ತು. ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಸುಮಾರು 32 ಸಾವಿರ ಗೂಢಲಿಪಿ ಕೀಲಿಗಳಷ್ಟೇ ಹುಟ್ಟಬಲ್ಲವಾಗಿದ್ದವು. ಇದು ಗೊತ್ತಾದದ್ದು 2008ರಲ್ಲಿ. ಗಡಿಯಾರವನ್ನೊಂದೇ ಯಾದೃಚ್ಛಿಕ ಸಂಖ್ಯೆಗಳ ಬೀಜವಾಗಿಟ್ಟುಕೊಂಡ ಪ್ರೋಗ್ರಾಮಿಗೂ ಇದೇ ಗತಿ. ಒಂದೇ ಕ್ಷಣ ಶುರುವಾದ ಎರಡು ಯಂತ್ರಗಳು ಒಂದೇ ಸಂಖ್ಯೆ ಹೇಳುತ್ತವೆ.

ಒಳ್ಳೆಯ ಯಾದೃಚ್ಛಿಕತೆ ಕಾರ್ಯಾಚರಣಾ ವ್ಯವಸ್ಥೆಯ ಬಳಿಯೇ ಇದೆ, ಬಾಗಿಲು ಮಾತ್ರ ಬೇರೆ ಬೇರೆ. ಲಿನಕ್ಸ್‌ನಲ್ಲಿ ಗೆಟ್‌ರ‍್ಯಾಂಡಮ್, ವಿಂಡೋಸ್‌ನಲ್ಲಿ ಬಿಕ್ರಿಪ್ಟ್‌ಜೆನ್‌ರ‍್ಯಾಂಡಮ್, ಮ್ಯಾಕ್‌ನಲ್ಲಿ ಗೆಟ್‌ಎಂಟ್ರಪಿ. ಇನ್ನೊಂದು ತೊಡಕು: ವಿಂಡೋಸ್ ಮೆಮೊರಿಯಲ್ಲಿ ಯುಯುಐಡಿಯ ಮೊದಲ ಮೂರು ಭಾಗಗಳ ಬೈಟುಗಳನ್ನು ಹಿಂದುಮುಂದಾಗಿ ಇಡುತ್ತದೆ. ಬೈಟುಗಳನ್ನು ಹಾಗೆಯೇ ಲಿನಕ್ಸ್‌ಗೆ ಸಾಗಿಸಿದರೆ ಗುರುತೇ ಬದಲಾಗುತ್ತದೆ. 36 ಅಕ್ಷರಗಳ ಪಠ್ಯರೂಪದಲ್ಲಿ ಕಳಿಸುವುದು ಸುರಕ್ಷಿತ.

ಮೇ 2024ರ ಆರ್‌ಎಫ್‌ಸಿ 9562 ಎಂಬ ಅಂತರ್ಜಾಲ ಮಾನದಂಡ ತಂದ 7ನೇ ಆವೃತ್ತಿ ಮುಂದೆ ಹೊತ್ತು, ಹಿಂದೆ ಯಾದೃಚ್ಛಿಕ ಬಿಟ್‌ಗಳನ್ನಿಟ್ಟು ಡೇಟಾಬೇಸಿನ ವಿಂಗಡಣೆಯನ್ನು ಹಗುರ ಮಾಡಿದೆ. ಪ್ರೋಗ್ರಾಮ್ ಬರೆಯುವ ಗೆಳೆಯರೇ, ಹೊಸ ಗುರುತಿನ ಸೂತ್ರವನ್ನು ನೀವೇ ಹೆಣೆಯಲು ಹೋಗಬೇಡಿ. ನಿಮ್ಮ ಭಾಷೆಯ ಪರೀಕ್ಷಿತ ಲೈಬ್ರರಿಯನ್ನೇ ಬಳಸಿ.