ಗುಂಡಿಗೊಂದು ಗೂಡು, ಹಿಡಿಗೊಂದು ಸೀಳು

ಹಿಟ್ಟು ಮೊಗೆಯುವ ಮರದ ಸೌಟನ್ನು ಲೇತಿನಲ್ಲಿ ಕಡೆಯುವಾಗ ತೊಡಕು ಎದುರಾಗುವುದು ಅರ್ಧ ಕೆಲಸ ಮುಗಿದ ಮೇಲೆ. ಎರಡೂ ತುದಿ ಹಿಡಿದು ತಿರುಗಿಸಿದರೆ ಗುಂಡೂ ಹಿಡಿಯೂ ಸಲೀಸಾಗಿ ಮೂಡುತ್ತವೆ. ಗುಂಡಿನ ಹೊಟ್ಟೆ ತೋಡಲು ಮಾತ್ರ ಅದನ್ನು ಅಡ್ಡಲಾಗಿ ಹಿಡಿಯಬೇಕು. ಲೇತಿನಲ್ಲಿ ಮರವನ್ನು ಹಿಡಿಯುವ ಕಬ್ಬಿಣದ ಚಕ್ಕಿನ ದವಡೆ ನಯವಾದ ಮೈಮೇಲೆ ಕಚ್ಚಿದ ಗುರುತು ಬಿಡುತ್ತದೆ. ಇಲ್ಲಿ ಗೆಲ್ಲುವುದು ಮನೆಯಲ್ಲೇ ಮಾಡಿಕೊಂಡ ಜಿಗ್: ಮರದ ತುಂಡಿನಲ್ಲಿ ಗುಂಡಿನ ಅಳತೆಗೇ ಕೊರೆದ ಗೂಡು, ಹಿಡಿ ಕೂರಲು ಪಕ್ಕದಲ್ಲೊಂದು ಸೀಳು, ಮೇಲಿಂದ ಬಿಗಿಯುವ ಬಳೆ. ಒತ್ತಡ ಮೈಯೆಲ್ಲ ಹಂಚಿಹೋಗುವುದರಿಂದ ಕಲೆ ಬೀಳದು.

ಸುತ್ತುವ ಹಿಡಿ ಬೆರಳಿಗೆ ಬಡಿಯದೇ ಎಂಬ ಆಕ್ಷೇಪ ನ್ಯಾಯವೇ. ಜಿಗ್ಗನ್ನು ಹಿಡಿಯ ತುದಿಗಿಂತ ಅಗಲವಾಗಿ ಮಾಡಿದರೆ ಹಿಡಿ ಸೀಳಿನೊಳಗೇ ಅಡಗುತ್ತದೆ. ವೇಗ ತಗ್ಗಿಸಿ, ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಒಂದು ಸೌಟಿಗೆ ಇಷ್ಟು ಶ್ರಮ ದಂಡವೆನಿಸಬಹುದು. ಅದೇ ಅಳತೆಯ ಹತ್ತನೆಯ ಸೌಟಿಗೆ ಜಿಗ್ ಸಿದ್ಧವಾಗಿಯೇ ಇರುತ್ತದೆ.