ಗಿರಣಿ ನಿಲ್ಲಬೇಕೆ, ಕಲ್ಲು ತೆಗೆಯಬೇಕೆ?

2024ರ ಜುಲೈ 19ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೆಲಸವನ್ನು ಸಿಬ್ಬಂದಿ ಕೈಯಿಂದಲೇ ಮಾಡಬೇಕಾಯಿತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಅಂದು ಕುಸಿದಿದ್ದವು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶ 21 ಅಂಶಗಳನ್ನು ನಿರೀಕ್ಷಿಸಿತ್ತು, ದೊರೆತವು 20. ಇಲ್ಲದ ಇಪ್ಪತ್ತೊಂದನೆಯದನ್ನು ಅದು ಓದಹೋಯಿತು. ಅದು ಇದ್ದದ್ದು ವಿಂಡೋಸ್‌ನ ಗರ್ಭಗುಡಿಯಾದ ಕರ್ನೆಲ್‌ನಲ್ಲಿ. ಆದ್ದರಿಂದ ಯಂತ್ರವೇ ನಿಂತಿತು.

ಸಾಮಾನ್ಯ ತಂತ್ರಾಂಶ ಬಿದ್ದರೆ ಕರ್ನೆಲ್ ಅದನ್ನು ಬದಿಗೆ ಸರಿಸುತ್ತದೆ. ಕರ್ನೆಲ್ಲೇ ಎಡವಿದರೆ ಎತ್ತುವವರಿಲ್ಲ. ಹೊರಗಿನಿಂದ ಬರುವ ಮಾಹಿತಿಯ ಪ್ಯಾಕೆಟ್ಟುಗಳನ್ನು ಸ್ವೀಕರಿಸುವ ಜಾಲದ ಭಾಗವೂ ಸಾಮಾನ್ಯವಾಗಿ ಅಲ್ಲಿಯೇ ಇರುವುದರಿಂದ, ಅದರ ಹೊಣೆ ಇನ್ನೂ ದೊಡ್ಡದು.

ನಮ್ಮ ನಂದೂರ, ಕಲಬುರಗಿಯ ಕಡೆಯವರಿಗೆ ಬೇಳೆ ಮಿಲ್ಲು ಪರಿಚಿತ. ತೊಗರಿಯೊಡನೆ ಕಲ್ಲು ಬಂದರೆ ಯಾರೂ ಮಿಲ್ಲು ನಿಲ್ಲಿಸುವುದಿಲ್ಲ. ಜರಡಿ ಹಿಡಿದು ಆಚೆಗೆ ಹಾಕುತ್ತದೆ. ಕೆಟ್ಟ ಪ್ಯಾಕೆಟ್ ಅಂಥ ಕಲ್ಲು. ಅದನ್ನು ಬಿಸುಟು, ಲೆಕ್ಕಕ್ಕೆ ಒಂದು ಸೇರಿಸಿ ಮುಂದುವರಿಯಬೇಕು. ಪ್ರತಿ ಕಲ್ಲಿಗೂ ಕೂಗು ಹಾಕಿದರೆ, ಕೇಡಿಗನೊಬ್ಬ ಲಕ್ಷ ಕಲ್ಲುಗಳನ್ನೆಸೆದು ದಾಖಲೆ ಪುಸ್ತಕವನ್ನೇ ತುಂಬಿಸಿಯಾನು.

ಕಲ್ಲು ಹೊರಗಿನದಲ್ಲ, ಯಂತ್ರದ್ದೇ ಒಂದು ಹಲ್ಲು ಮುರಿದಿದೆ ಎನ್ನೋಣ. ಇದು ಒಳಗಿನ ದೋಷ: ಎಂದೂ ಆಗಬಾರದೆಂದು ನಂಬಿದ್ದು ಆಗಿದೆ. ಲಿನಕ್ಸ್ ಕರ್ನೆಲ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. 'ಬಗ್ ಆನ್' ಎಂಬುದು ನಡೆಯುತ್ತಿರುವ ಕೆಲಸವನ್ನೇ ಕೊಲ್ಲುತ್ತದೆ. ಆ ಕೆಲಸ ಹಿಡಿದಿದ್ದ ಬೀಗಗಳು ಹಾಗೆಯೇ ಉಳಿದು, ಅನೇಕ ವೇಳೆ ಇಡೀ ಯಂತ್ರ ಸ್ತಬ್ಧವಾಗುತ್ತದೆ. 'ವಾರ್ನ್ ಆನ್ ಒನ್ಸ್' ಎಂಬುದು ಒಂದೇ ಒಂದು ಬಾರಿ ಎಚ್ಚರಿಕೆ ಬರೆಯುತ್ತದೆ. ಬಳಿಕ ಬೀಗ ತೆರೆದು, ಸ್ಮೃತಿಯನ್ನು ಮರಳಿಸಿ, ಆ ಪ್ಯಾಕೆಟ್ಟನ್ನಷ್ಟೇ ಕೈಬಿಟ್ಟು ಹಿಂದಿರುಗುವುದು ಬರೆದವನ ಕರ್ತವ್ಯ. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಮೊದಲ ದಾರಿಯನ್ನು ಬಹುಕಾಲದಿಂದ ವಿರೋಧಿಸುತ್ತ ಬಂದವರು. ಹೊಸದಾಗಿ ಅದನ್ನು ಬಳಸಬಾರದೆಂಬುದು ಕರ್ನೆಲ್‌ನ ಲಿಖಿತ ನಿಯಮ.

ಆದರೆ ಮುಂದುವರಿಯುವುದೇ ಸದಾ ಕ್ಷೇಮವೆನ್ನಲಾಗದು. ಮುರಿದ ಹಲ್ಲಿನ ಚೂರು ಬೇಳೆಯೊಡನೆ ಚೀಲ ಸೇರುವಂತಿದ್ದರೆ ಮಿಲ್ಲು ನಿಲ್ಲಿಸುವುದೇ ಧರ್ಮ. ದತ್ತಾಂಶವೇ ಕೆಡುವ ಭಯವಿದ್ದಾಗ ಯಂತ್ರಕ್ಕೂ ಅದೇ ನ್ಯಾಯ. ಎಚ್ಚರಿಕೆ ಕಂಡೊಡನೆ ಯಂತ್ರ ನಿಲ್ಲಲಿ ಎಂದು ವಿಧಿಸಿಕೊಳ್ಳುವ ಅವಕಾಶವನ್ನೂ ಲಿನಕ್ಸ್ ಒಡೆಯನಿಗೆ ಕೊಟ್ಟಿದೆ. ಆದಕಾರಣವೇ ಹೊರಗಿನವರು ಬೇಕೆಂದಾಗ ಎಬ್ಬಿಸಬಲ್ಲ ಪ್ರಸಂಗಗಳಿಗೆ ಎಚ್ಚರಿಕೆಯನ್ನು ಕಟ್ಟಬಾರದು. ಕಟ್ಟಿದರೆ ನಿಲ್ಲಿಸುವ ಗುಂಡಿ ಪರರ ಕೈಗೆ ಹೋದಂತೆ.

ತಪ್ಪೇ ಇಲ್ಲದ ಬರಹವನ್ನು ನಾನಂತೂ ಕಂಡಿಲ್ಲ. ತಪ್ಪು ತನ್ನದೋ ಪರರದೋ ಎಂದು ಗುರುತಿಸಿ, ಮುಚ್ಚಿಡದೆ ಹೇಳಿ, ಅದರ ಹಾನಿಯನ್ನು ಅದರ ಅಳತೆಗೇ ಮಿತಗೊಳಿಸುವುದು ವಿವೇಕ. ಅಂದು ವಿಮಾನ ನಿಲ್ದಾಣದ ಸಾಲಿನಲ್ಲಿ ಕಾದು ನಿಂತವರು, ಆ ವಿವೇಕ ತಪ್ಪಿದ್ದಕ್ಕೆ ಬೆಲೆ ತೆತ್ತರು.